.44 ಮ್ಯಾಗ್ನಮ್ ರಿವಾಲ್ವರ್: ಗುಂಡೆಲ್ಲಾ ಕೆಳಗೆ, ಎಡಕ್ಕೆ ಹೋಗುತ್ತಿದೆ. ಏನು ಮಾಡಲಿ?

ಆಂಕರೇಜ್ ಹಾಸನದವನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಹಾಸನದ ಹತ್ತಿರ. ಈಗ ಅಲಾಸ್ಕಾದ ಆಂಕರೇಜ್‌ನಲ್ಲಿದ್ದೇನೆ. ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯಿತು. ಜೂನ್ ಬಂತೆಂದರೆ ನಾವು ನಾಲ್ಕು ಜನ ಗೆಳೆಯರು ರಷ್ಯನ್ ರಿವರ್‌ಗೆ ಸಾಕೈ ಸಾಲ್ಮನ್ ಹಿಡಿಯಲು ಹೋಗುತ್ತೇವೆ. ಮೀನು ಇರುವ ಕಡೆ ಕಂದು ಕರಡಿಯೂ ಇರುತ್ತದೆ. ಹೋದ ವರ್ಷ ತಾಯಿ ಕರಡಿಯೊಂದು ಎರಡು ಮರಿ ಕಟ್ಟಿಕೊಂಡು ನಮ್ಮ ಎದುರು ದಡದಲ್ಲೇ ನೀರಿಗಿಳಿಯಿತು. ಮೂವತ್ತು ಗಜ ಇದ್ದಿರಬಹುದು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕರಡಿ ಸ್ಪ್ರೇ ಯಾವಾಗಲೂ ಸೊಂಟದಲ್ಲಿ ಇರುತ್ತದೆ. ಅದರ ಜೊತೆಗೆ ಇರಲಿ ಅಂತ ಈ ಚಳಿಗಾಲದಲ್ಲಿ ಒಂದು ಹಳೆಯ ಸ್ಮಿತ್ ಅಂಡ್ ವೆಸನ್ 629 ಕೊಂಡೆ. .44 ಮ್ಯಾಗ್ನಮ್ (ಜಾಸ್ತಿ ಮದ್ದಿನ, ಬಲವಾದ ತೋಟಾ ಹೊಡೆಯುವಂಥದ್ದು), ನಾಲ್ಕು ಇಂಚಿನ ನಳಿಗೆ, ಮರದ ಹಿಡಿ. ತೂಕ 1.2 ಕಿಲೋ ಹತ್ತಿರ. ಇದಕ್ಕೆ ಮೊದಲು ನಾನು ಹೊಡೆದಿದ್ದು .22 ಪಿಸ್ತೂಲು, ಒಂದಷ್ಟು 9 ಎಂಎಂ, ಅಷ್ಟೇ.

ರೇಂಜಿಗೆ ಕರೆದುಕೊಂಡು ಹೋದ ಪರಿಚಯದವರು ಮೊದಲ ದಿನವೇ 300 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ, 300 ಅಂದರೆ ಸುಮಾರು 19 ಗ್ರಾಂ) ಭಾರದ ತೋಟಾ ಆರೂ ತುಂಬಿ ಕೈಗೆ ಕೊಟ್ಟರು. "ಕಾಡಿಗೆ ಒಯ್ಯೋದು ಇದನ್ನೇ, ಇದರಲ್ಲೇ ಕಲಿ" ಅಂದರು. ಹತ್ತು ಗಜದಲ್ಲಿ ಮೊದಲನೇ ಈಡು ಕಾಗದದ ನಡುವಿಗೆ ಹತ್ತಿರ ಬಿತ್ತು. ಎರಡನೆಯದು ಅಂಚಿಗೆ. ಮೂರನೆಯದರಿಂದ ಕಾಗದಕ್ಕೆ ತಾಗಲೇ ಇಲ್ಲ, ಮುಂದೆ ಮಣ್ಣು ಹಾರಿತು. ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ಸುಲಿದು ರಕ್ತ ಬಂತು.

ಆಮೇಲೆ ನಾಲ್ಕು ಸಲ ಹೋಗಿದ್ದೇನೆ. 150 ತೋಟಾ ಸುಟ್ಟಿರಬಹುದು. ಅಭ್ಯಾಸ ಆದಷ್ಟೂ ಗುರಿ ಕೆಡುತ್ತಿದೆ. ನಾನು ಬಲಗೈಯವನು. ಎಲ್ಲಾ ಈಡೂ ಕೆಳಗೆ, ಎಡಕ್ಕೆ. ಬಿಗಿಯಾಗಿ ಹಿಡಿದರೂ ಅಷ್ಟೇ, ಸಡಿಲ ಹಿಡಿದರೂ ಅಷ್ಟೇ. ಸೈಟ್ (ನಳಿಗೆಯ ಮೇಲೆ ಗುರಿ ನೋಡುವ ಗುರುತು) ತಿರುಗಿಸಿ ಸರಿ ಮಾಡಲೇ? ಇದನ್ನು ಮಾರಿ ಚಿಕ್ಕದು ತೆಗೆದುಕೊಳ್ಳಲೇ? ಜೂನ್‌ಗೆ ಇನ್ನು ಎರಡು ತಿಂಗಳಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬೋಜ್‌ಮನ್ ಬೆಳಗಾವಿ:

ಸೈಟ್ ಮುಟ್ಟಬೇಡಿ. ರಿವಾಲ್ವರ್ ಮಾರಲೂ ಬೇಡಿ.

ಒಂದು ಪ್ರಶ್ನೆ. ಕಿವಿಗೆ ಏನು ಹಾಕಿಕೊಳ್ಳುತ್ತೀರಿ? ಬರೀ ಫೋಮ್ ಪ್ಲಗ್ ಆದರೆ ಸಾಲದು. ಪ್ಲಗ್ ಒಳಗೆ, ಅದರ ಮೇಲೆ ಇಡೀ ಕಿವಿ ಮುಚ್ಚುವ ಮಫ್, ಎರಡೂ ಬೇಕು. ಮೊಂಟಾನಾದಲ್ಲಿ ನಾನು ಹೊಸಬರನ್ನು ನೋಡಿದ್ದೇನೆ. ಕೈಗೆ ಪೆಟ್ಟಾಗುತ್ತದೆ ಅಂತ ಅವರು ಹೆದರುವುದಿಲ್ಲ. ಹೆದರುವುದು ಸದ್ದಿಗೆ, ಮುಖಕ್ಕೆ ಬಡಿಯುವ ಗಾಳಿಗೆ. ಕಿವಿ ಎರಡು ಪಟ್ಟು ಮುಚ್ಚಿದ ದಿನವೇ ಕಣ್ಣು ಮಿಟುಕಿಸುವುದು ಅರ್ಧಕ್ಕರ್ಧ ನಿಲ್ಲುತ್ತದೆ.

ಇನ್ನೊಂದು ಮಾತು, ಇದು ಮುಖ್ಯ. ಸದ್ಯಕ್ಕೆ ಆರೂ ತುಂಬಬೇಡಿ. ಒಂದೇ ಒಂದು ತುಂಬಿ. ನನ್ನ ಕಣ್ಣೆದುರೇ ಆಗಿದ್ದು ಹೇಳುತ್ತೇನೆ. ಹೊಸಬರೊಬ್ಬರು ಹೊಡೆದಾಗ ರಿವಾಲ್ವರ್ ಕೈಯಲ್ಲಿ ಹಿಂದಕ್ಕೆ ಜಾರಿತು. ಬೀಳದಂತೆ ಅವರು ಅದುಮಿ ಹಿಡಿದರು. ಬೆರಳು ಟ್ರಿಗರ್ ಮೇಲೇ ಇತ್ತು. ಎರಡನೇ ಈಡು ಮೇಲಿನ ಮರದ ತೊಲೆಗೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

ವಿರಾಜಪೇಟೆ ಟು ಫೀನಿಕ್ಸ್:

ನಿಮ್ಮ ಮೊದಲನೇ ಈಡು ಕಾಗದದ ನಡುವಿಗೆ ಬಿತ್ತು ಅಂದಿರಲ್ಲ, ಉತ್ತರ ಅದರಲ್ಲೇ ಇದೆ. ಆಗ ಏನು ಬರುತ್ತದೆ ಅಂತ ನಿಮ್ಮ ಕೈಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕೆಟ್ಟಿತು. ಅಂದರೆ ರಿವಾಲ್ವರ್ ಸರಿ ಇದೆ, ಸೈಟ್ ಸರಿ ಇದೆ, ನಿಮ್ಮ ಕಣ್ಣೂ ಸರಿ ಇದೆ. ಒದೆ ಬರುವ ಮೊದಲೇ ಕೈ ಅದನ್ನು ತಡೆಯಲು ಹೋಗಿ ಮೂತಿಯನ್ನು ಕೆಳಕ್ಕೆ ತಳ್ಳುತ್ತಿದೆ. ಬಲಗೈಯವರಿಗೆ ಅದು ಕೆಳಗೆ ಎಡಕ್ಕೇ ಹೋಗುತ್ತದೆ.

ನನ್ನ ಕಥೆ ಸ್ವಲ್ಪ ಹೇಳುತ್ತೇನೆ, ಉಪಯೋಗ ಆಗಬಹುದು. ನಾನು ಕೊಡಗಿನವಳು. ನಮ್ಮ ಮನೆಯಲ್ಲಿ ಕೋವಿ ಅಂದರೆ ಮನೆಯ ಒಬ್ಬ ಸದಸ್ಯ ಇದ್ದ ಹಾಗೆ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗಳನ್ನೆಲ್ಲ ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತೇವೆ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಅಪ್ಪನ ಹನ್ನೆರಡು ಬೋರಿನ ಕೋವಿಯಲ್ಲಿ ಈಡು ಹೊಡೆದು ಬೆಳೆದವಳು ನಾನು. ಹಾಗಾಗಿ ಫೀನಿಕ್ಸ್‌ಗೆ ಬಂದು ಮೊದಲ ಸಲ .44 ಕೈಗೆ ತೆಗೆದುಕೊಂಡಾಗ ಒದೆ ಅಂದರೇನು ಅಂತ ನನಗೆ ಗೊತ್ತು ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ಕೋವಿಯ ಒದೆಯನ್ನು ಭುಜ ತಿನ್ನುತ್ತದೆ, ಹಿಂದೆ ಇಡೀ ಮೈ ಇರುತ್ತದೆ. ರಿವಾಲ್ವರ್‌ಗೆ ಎರಡು ಮಣಿಕಟ್ಟು ಬಿಟ್ಟರೆ ಬೇರೆ ಆಸರೆ ಇಲ್ಲ. ಅದು ಹಿಂದಕ್ಕೆ ತಳ್ಳುವುದಕ್ಕಿಂತ ಜಾಸ್ತಿ ಮೇಲಕ್ಕೆ ಏಳುತ್ತದೆ.

ನನಗೂ ಎಲ್ಲಾ ಕೆಳಗೇ ಹೋಗುತ್ತಿತ್ತು. ಬೆನ್ ಏವರಿ ರೇಂಜಿನಲ್ಲಿ ಪಕ್ಕದ ಬೆಂಚಿನ ಒಬ್ಬ ಹಿರಿಯ ಹೆಂಗಸು ಇದನ್ನು ನೋಡಿ ಹತ್ತಿರ ಬಂದರು. "ನಾನು ತುಂಬಿ ಕೊಡುತ್ತೇನೆ, ನೀನು ನೋಡಬೇಡ" ಅಂದರು. ತೋಟಾ ಕೂರುವ ಸಿಲಿಂಡರ್ ಮುಚ್ಚಿ ಕೈಗಿಟ್ಟರು. ಗುರಿ ಹಿಡಿದೆ, ಟ್ರಿಗರ್ ಎಳೆದೆ. ಟಿಕ್ ಅಂತು, ಅಷ್ಟೇ. ಸದ್ದೇ ಇಲ್ಲ. ಆದರೆ ಬಾತುಕೋಳಿ ನೀರಿಗೆ ತಲೆ ಹಾಕಿದ ಹಾಗೆ ನಳಿಗೆಯ ಮೂತಿ ಕೆಳಕ್ಕೆ ಹೋಯಿತು. ಒಳಗಿದ್ದದ್ದು ಮದ್ದಿಲ್ಲದ ಡಮ್ಮಿ ತೋಟಾ. ಅವರು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಲ್ಲಿಯ ತನಕ ನನ್ನ ಕೈ ಹೀಗೆ ಮಾಡುತ್ತದೆ ಅಂತ ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ನಿಜವಾದ ಈಡಿನಲ್ಲಿ ಮೂತಿ ಮೇಲೆ ಹಾರುವುದರಿಂದ ಈ ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ.

ನೀವೂ ಇದನ್ನೇ ಮಾಡಿ. ಜೊತೆಗೆ ಬರುವವರಿಗೆ ಹೇಳಿ, ನಿಜದ ತೋಟಾ ಎರಡು, ಡಮ್ಮಿ ನಾಲ್ಕು, ಯಾವುದು ಎಲ್ಲಿ ಅಂತ ನಿಮಗೆ ಗೊತ್ತಾಗದ ಹಾಗೆ ತುಂಬಲಿ. ಡಮ್ಮಿಯ ಮೇಲೆ ಮೂತಿ ಅಲುಗದೆ ನಿಲ್ಲುವ ತನಕ ಬೇರೆ ಏನನ್ನೂ ಮಾಡಬೇಡಿ. ಆದರೆ ಒಂದು ಎಚ್ಚರ. ಟಿಕ್ ಅಂದಾಗ ಅದು ಡಮ್ಮಿಯೇ ಅಂತ ತಕ್ಷಣ ಸಿಲಿಂಡರ್ ತೆರೆಯಬೇಡಿ. ತಡವಾಗಿ ಹತ್ತಿಕೊಳ್ಳುವ ತೋಟಾ ಇರಬಹುದು. ಮೂವತ್ತು ಸೆಕೆಂಡು ಮೂತಿ ಗುರಿಯ ಕಡೆಗೇ ಇರಲಿ. ಸದ್ದು ಸಣ್ಣಗೆ ಪುಸ್ ಅಂದರೆ ಅವತ್ತಿಗೆ ನಿಲ್ಲಿಸಿ, ಗುಂಡು ನಳಿಗೆಯಲ್ಲೇ ಸಿಕ್ಕಿದೆಯಾ ಅಂತ ನೋಡಿಸದೆ ಇನ್ನೊಂದು ಹೊಡೆಯಲೇಬಾರದು.

ಎರಡನೆಯದು ತೋಟಾ. 300 ಗ್ರೇನಿನವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿಡಿ. .44 ಸ್ಪೆಷಲ್ ಕೊಳ್ಳಿ. ಇದು 1907ರ ಸುಮಾರಿನ ತೋಟಾ. ಐಡಹೋದ ಎಲ್ಮರ್ ಕೀತ್ ಅನ್ನುವವರು ಇದಕ್ಕೇ ಜಾಸ್ತಿ ಮದ್ದು ತುಂಬಿ ತುಂಬಿ ಹೊಡೆದು, ಕಂಪನಿಗಳ ಹಿಂದೆ ಬಿದ್ದು, 1955ರ ಕೊನೆಗೆ ಮ್ಯಾಗ್ನಮ್ ಹುಟ್ಟಿತು. ಹಳೆಯ ರಿವಾಲ್ವರ್‌ಗಳಲ್ಲಿ ಯಾರೂ ಗೊತ್ತಿಲ್ಲದೆ ಹಾಕದಿರಲಿ ಅಂತ ಮ್ಯಾಗ್ನಮ್ ತೋಟಾವನ್ನು ಇಂಚಿನ ಎಂಟನೇ ಒಂದು ಭಾಗದಷ್ಟು ಉದ್ದ ಮಾಡಿದರು. ಹಾಗಾಗಿ ನಿಮ್ಮ 629ರಲ್ಲಿ ಸ್ಪೆಷಲ್ ಹೊಡೆಯಬಹುದು, ಸ್ಪೆಷಲ್ ರಿವಾಲ್ವರ್‌ನಲ್ಲಿ ಮ್ಯಾಗ್ನಮ್ ಆಗುವುದಿಲ್ಲ. ಹಳೆಯ ಕಾಲದ ಸ್ಪೆಷಲ್ 246 ಗ್ರೇನಿನ ಸೀಸದ ಗುಂಡನ್ನು ಸೆಕೆಂಡಿಗೆ ಸುಮಾರು 755 ಅಡಿ ವೇಗದಲ್ಲಿ ಬಿಡುತ್ತದೆ. ಮ್ಯಾಗ್ನಮ್ ಹೆಚ್ಚುಕಮ್ಮಿ ಅದೇ ತೂಕದ ಗುಂಡನ್ನು 1300 ಅಡಿ ಹತ್ತಿರ. ಗುಂಡಿನ ತೂಕ ಒಂದೇ, ರಿವಾಲ್ವರ್ ಒಂದೇ, ಆದರೆ ಕೈಗೆ ಬರುವ ಒದೆ ಮೂರು ಪಟ್ಟಿಗೂ ಜಾಸ್ತಿ. ಮೊದಲು ಚಿಕ್ಕದರಲ್ಲಿ ಕೈ ಪಳಗಲಿ.

ಸ್ಪೆಷಲ್ ಹೊಡೆದ ದಿನ ಸಿಲಿಂಡರ್ ತೂತುಗಳನ್ನು ಬ್ರಷ್ ಹಾಕಿ ಚೆನ್ನಾಗಿ ಉಜ್ಜಿ. ಅದು ಗಿಡ್ಡ ಆದ್ದರಿಂದ ತುದಿಯಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಮ್ಯಾಗ್ನಮ್ ಹೋಗಿ ಕೂರುವುದಿಲ್ಲ. ಕಾಡಿನಲ್ಲಿ ಇದು ಗೊತ್ತಾದರೆ ಏನು ಪ್ರಯೋಜನ?

ಹಿಡಿತ. ಮರದ ಕೆತ್ತನೆಯ ಹಿಡಿ ತೆಗೆದು ರಬ್ಬರಿನದು ಹಾಕಿ. ಚರ್ಮ ಸುಲಿದ ಕೈ ಯಾವ ಪಾಠವನ್ನೂ ಕಲಿಯುವುದಿಲ್ಲ. ಬಲಗೈ ಹಿಡಿಯ ಹಿಂದಿನ ಪಟ್ಟಿಯ ಮೇಲೆ ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟು ಮೇಲಿರಲಿ. ಎಡಗೈ ಅದನ್ನು ಸುತ್ತಿಕೊಳ್ಳಲಿ, ಜಾಸ್ತಿ ಬಿಗಿ ಎಡಗೈಯದ್ದೇ ಇರಲಿ. ಎಡ ಹೆಬ್ಬೆರಳು ಬಲ ಹೆಬ್ಬೆರಳ ಉಗುರಿನ ಮೇಲೆ ಬೀಗ ಹಾಕಿದ ಹಾಗೆ ಕೂರಲಿ. ಪಿಸ್ತೂಲಿನ ಅಭ್ಯಾಸದಲ್ಲಿ ಹೆಬ್ಬೆರಳು ಮುಂದಕ್ಕೆ ಚಾಚಬೇಡಿ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಬರುವ ಬಿಸಿ ಗಾಳಿ ಬೆರಳನ್ನು ಸೀಳುತ್ತದೆ. ಮೊಣಕೈ ಸ್ವಲ್ಪವೇ ಸ್ವಲ್ಪ ಬಗ್ಗಿರಲಿ, ಮೈ ಮುಂದಕ್ಕೆ ವಾಲಿರಲಿ. ಆಮೇಲೆ ಅದು ಏಳಲಿ ಬಿಡಿ. ಏಳದಂತೆ ತಡೆಯುವ ಕೆಲಸ ನಿಮ್ಮದಲ್ಲ. ಗುಂಡು ಹೋಗಿ ಆಗಿರುತ್ತದೆ. ಪ್ರತಿ ಸಲ ಒಂದೇ ರೀತಿ ಎದ್ದು, ಒಂದೇ ಜಾಗಕ್ಕೆ ಇಳಿಯಬೇಕು, ಅಷ್ಟೇ.

ದಿನಕ್ಕೆ ಮೂವತ್ತು ತೋಟಾ ಸಾಕು. ಸುಸ್ತಾದ ಕೈಗೆ ಕೆಟ್ಟ ಅಭ್ಯಾಸ ಬೇಗ ಅಂಟುತ್ತದೆ.

ಹತ್ತು ಮೀಟರ್ ಬೆಂಗಳೂರು:

ನಾನು ಬೆಂಗಳೂರಿನಲ್ಲಿ ಏರ್ ಪಿಸ್ತೂಲು ಹೊಡೆಯುವವನು. ಮ್ಯಾಗ್ನಮ್ ಮುಟ್ಟಿಲ್ಲ. ಕಾನ್ಪುರದ .32 ರಿವಾಲ್ವರ್ ಹೊಡೆದದ್ದೇ ನನ್ನ ಪಾಲಿಗೆ ದೊಡ್ಡದು. ಒದೆಯ ಬಗ್ಗೆ ಹೇಳುವುದಿಲ್ಲ, ಟ್ರಿಗರ್ ಬಗ್ಗೆ ಒಂದು ಮಾತು.

ನಮ್ಮ ಏರ್ ಪಿಸ್ತೂಲಿನ ಟ್ರಿಗರ್ ಕಡಿಮೆ ಅಂದರೆ 500 ಗ್ರಾಂ ಎಳೆತ ಇರಬೇಕು ಅನ್ನುವುದು ನಿಯಮ. ನಿಮ್ಮ ರಿವಾಲ್ವರ್‌ನಲ್ಲಿ ಹಿಂದಿನ ಸುತ್ತಿಗೆಯನ್ನು (ಹ್ಯಾಮರ್) ಮೊದಲೇ ಎತ್ತದೆ ಟ್ರಿಗರ್ ಎಳೆದರೆ ಐದು ಕಿಲೋ ಹತ್ತಿರ ಬೇಕು. ಹತ್ತು ಪಟ್ಟು. ಅಷ್ಟು ದೂರ ಎಳೆಯುವಾಗ ಮೂತಿ ಅಲುಗದಿರಲು ಮನೆಯ ಅಭ್ಯಾಸವೇ ದಾರಿ. ನಮ್ಮ ಕೋಚ್‌ಗಳು ಗುರಿಯ ಕಾಗದ ತೆಗೆದುಹಾಕಿ, ಖಾಲಿ ಪಿಸ್ತೂಲಿನಲ್ಲಿ ಬರೀ ಬಿಳಿ ಗೋಡೆಗೆ ಹೊಡೆಸುತ್ತಾರೆ. ನೋಡಲು ಫ್ರಂಟ್ ಸೈಟ್ ಬಿಟ್ಟು ಬೇರೇನೂ ಇರುವುದಿಲ್ಲ. ಆಗ ಕೈ ಏನು ಮಾಡುತ್ತಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಟಿಕ್ ಆದ ಮೇಲೂ ಒಂದು, ಎರಡು ಎಣಿಸುವ ತನಕ ಸೈಟ್ ನೋಡುತ್ತಲೇ ಇರಿ.

ದಿನಾ ಹದಿನೈದು ನಿಮಿಷ. ತೋಟಾ ಇನ್ನೊಂದು ಕೋಣೆಯಲ್ಲಿ ಬೀಗ ಹಾಕಿರಬೇಕು. ಸಿಲಿಂಡರ್ ಎರಡು ಸಲ ನೋಡಬೇಕು, ಬೆರಳಿನಿಂದ ಮುಟ್ಟಿ ನೋಡಬೇಕು. ಗೋಡೆಯ ಆಚೆ ಯಾರೂ ಇರಬಾರದು. ಅಭ್ಯಾಸ ಮುಗಿದ ಮೇಲೆ "ಇನ್ನೊಂದೇ ಒಂದು ಸಲ" ಅಂತ ಮತ್ತೆ ಎತ್ತಬಾರದು.

ಆಂಕರೇಜ್ ಹಾಸನದವನು:

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಮೂರು ಜನಕ್ಕೂ ಮನಸ್ಸಿನಿಂದ ಧನ್ಯವಾದ.

ಡಮ್ಮಿ ಪರೀಕ್ಷೆ ಮೊದಲ ಶನಿವಾರವೇ ಮಾಡಿದೆ. ಹೆಂಡತಿ ತುಂಬಿ ಕೊಟ್ಟಳು, ಫೋನಿನಲ್ಲಿ ವಿಡಿಯೋ ತೆಗೆದಳು. ಮೂತಿ ಒಂದು ಗೇಣು ಕೆಳಗೆ ಹೋಗಿತ್ತು. ಜೊತೆಗೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದೆ. ಇದುವರೆಗೆ 150 ಈಡನ್ನೂ ನಾನು ಕಣ್ಣು ಮುಚ್ಚಿಯೇ ಹೊಡೆದಿದ್ದೇನೆ ಅಂತ ಆಗ ಅರ್ಥವಾಯಿತು.

ಪ್ಲಗ್ ಮೇಲೆ ಮಫ್ ಹಾಕಿದೆ. ರಬ್ಬರ್ ಹಿಡಿ ಹಾಕಿದೆ. ರಾತ್ರಿ ಊಟ ಆದ ಮೇಲೆ ನೆಲಮಾಳಿಗೆಯ ಕಾಂಕ್ರೀಟ್ ಗೋಡೆಗೆ ಹದಿನೈದು ನಿಮಿಷ. ನಾಲ್ಕನೇ ವಾರ ಒಂದು ದಿನ ಡಮ್ಮಿಯ ಮೇಲೆ ಟಿಕ್ ಅಂದಾಗ ಫ್ರಂಟ್ ಸೈಟ್ ಇದ್ದಲ್ಲೇ ನಿಂತಿತ್ತು. ಅದನ್ನು ನೋಡಿ ನನಗಾದ ಸಂತೋಷವನ್ನು ಬರೆದು ಹೇಳಲು ಬರುವುದಿಲ್ಲ.

ಈಗ ಸ್ಪೆಷಲ್ ಆದರೆ ಹತ್ತು ಗಜದಲ್ಲಿ ಆರೂ ಒಂದು ಕಾಫಿ ಸಾಸರ್ ಒಳಗೆ ಬೀಳುತ್ತವೆ. 240 ಗ್ರೇನಿನ ಮ್ಯಾಗ್ನಮ್ ಕೂಡ, ಒಂದೊಂದೇ ತುಂಬಿ ಹೊಡೆದರೆ, ಊಟದ ತಟ್ಟೆಯೊಳಗೆ. ನಿನ್ನೆ ಕೊನೆಗೆ 300 ಗ್ರೇನಿನವು ಆರು ಹೊಡೆದೆ. ಗುಂಪು ಚೆನ್ನಾಗಿದೆ, ಆದರೆ 240ಕ್ಕಿಂತ ಮೂರು ಇಂಚು ಮೇಲೆ ಬಿತ್ತು. ಭಾರದ ಗುಂಡು ಕೆಳಗೆ ಅಲ್ವಾ ಬೀಳಬೇಕು? ಮತ್ತೆ ಏನಾದರೂ ತಪ್ಪು ಮಾಡುತ್ತಿದ್ದೇನಾ?

ವಿರಾಜಪೇಟೆ ಟು ಫೀನಿಕ್ಸ್:

ಇಲ್ಲ, ಇದು ನಿಮ್ಮ ತಪ್ಪಲ್ಲ. ನಿಮ್ಮ ವಿಡಿಯೋದ ವಿಷಯ ಓದಿ ನನಗೂ ಆ ಹಿರಿಯ ಹೆಂಗಸಿನ ಮುಖ ನೆನಪಾಯಿತು. ತುಂಬಾ ಖುಷಿ ಆಯಿತು.

ಗುಂಡು ನಳಿಗೆಯ ಒಳಗೆ ಇರುವಾಗಲೇ ರಿವಾಲ್ವರ್ ಮೇಲಕ್ಕೆ ಏಳಲು ಶುರು ಮಾಡಿರುತ್ತದೆ. ಭಾರದ ಗುಂಡು ನಿಧಾನ, ನಳಿಗೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಇರುತ್ತದೆ. ಒದೆಯೂ ಜಾಸ್ತಿ. ಹಾಗಾಗಿ ಅದು ಹೊರಗೆ ಬರುವ ಹೊತ್ತಿಗೆ ಮೂತಿ ಇನ್ನಷ್ಟು ಮೇಲಿರುತ್ತದೆ. ಹತ್ತಿರದ ದೂರದಲ್ಲಿ ರಿವಾಲ್ವರ್‌ನಲ್ಲಿ ಭಾರದ ಗುಂಡು ಮೇಲೆ ಬೀಳುವುದು ಸಹಜ. ಐದು ವಾರದ ಹಿಂದೆ ನಿಮ್ಮ ಕೈ ಕೆಳಗೆ ತಳ್ಳುತ್ತಿದ್ದಾಗ ಇದು ಕಾಣಲು ಸಾಧ್ಯವೇ ಇರಲಿಲ್ಲ.

ಈಗ ಸೈಟ್ ಮುಟ್ಟಬಹುದು. ಬೆಂಚಿನ ಮೇಲೆ ಮರಳುಚೀಲ ಇಟ್ಟು ಮಣಿಕಟ್ಟನ್ನು ಅದರ ಮೇಲಿಡಿ, ನಳಿಗೆಯನ್ನು ಇಡಬೇಡಿ. ಕಾಡಿಗೆ ಒಯ್ಯುವ ಅದೇ 300 ಗ್ರೇನಿನ ತೋಟಾ ಆರು ಹೊಡೆಯಿರಿ. ಎಲ್ಲಾ ಒಂದೇ ಕಡೆ ಬಿದ್ದರೆ ಮಾತ್ರ ಹಿಂದಿನ ಸೈಟಿನ ಮೇಲಿನ ತಿರುಪನ್ನು ಒಂದೊಂದೇ ಕ್ಲಿಕ್ ಕೆಳಕ್ಕೆ ಇಳಿಸಿ. ಎಷ್ಟು ಕ್ಲಿಕ್ ಅಂತ ತೋಟಾ ಪೆಟ್ಟಿಗೆಯ ಮುಚ್ಚಳದ ಮೇಲೇ ಬರೆದಿಡಿ. ಕೊನೆಗೆ ಒಂದು ಕೆಲಸ: ಐದು ಹೊಡೆದು ಆರನೆಯ ತೋಟಾವನ್ನು ಹೊರಗೆ ತೆಗೆದು ಗುಂಡು ತನ್ನ ಜಾಗದಿಂದ ಮುಂದಕ್ಕೆ ಸರಿದಿದೆಯಾ ನೋಡಿ. ಒದೆಗೆ ಕೆಲವು ತೋಟಾಗಳಲ್ಲಿ ಗುಂಡು ಮುಂದೆ ಜಾರಿ ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳುತ್ತದೆ. ಸರಿದಿದ್ದರೆ ಆ ಪೆಟ್ಟಿಗೆಯನ್ನು ನದಿಗೆ ಒಯ್ಯಬೇಡಿ, ಬೇರೆ ತೋಟಾ ತನ್ನಿ.