ಅಪ್‌ಡೇಟ್: ದೋಣಿ ಟ್ರೇಲರ್‌ನ ದೀಪಗಳು ಕೊನೆಗೂ ಸರಿಹೋದವು

ಬಾಗಲಕೋಟೆಯಿಂದ ಆಲಮಟ್ಟಿ ಹಿನ್ನೀರಿಗೆ ಮೀನುಗಾರಿಕೆ ದೋಣಿ ಒಯ್ಯುವ ನಮ್ಮ ಟ್ರೇಲರ್‌ನ ಬಗ್ಗೆ ಕೇಳಿದ್ದೆ. ಬ್ರೇಕ್ ಒತ್ತಿದರೆ ಎಡಬದಿಯ ದೀಪ ಮಂಕಾಗುತ್ತಿತ್ತು, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪವೂ ಜೊತೆಗೆ ಮಿನುಗುತ್ತಿತ್ತು. ಈಗ ಎಲ್ಲವೂ ಸರಿಯಾಗಿದೆ. ಉತ್ತರಿಸಿದ ಎಲ್ಲರಿಗೂ ಶರಣು.

ಬಲ್ಬ್ ಬದಲಿಸಿದ್ದರಿಂದ ಪ್ರಯೋಜನವಾಗಲಿಲ್ಲ, ಹೊಸ ಫ್ಯೂಸ್‌ನಿಂದಲೂ ಇಲ್ಲ. ಕೈಹಿಡಿದದ್ದು ಜಮಖಂಡಿಯ ಅಣ್ಣನವರ ಮಾತು: ‘ಚಾಸಿಯ ಕಬ್ಬಿಣವನ್ನು ನಂಬಬೇಡಿ, ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತಿಂಗ್ ತಂತಿ ಎಳೆಯಿರಿ.’ ಚಾಸಿ ಅಂದರೆ ಟ್ರೇಲರ್‌ನ ಚೌಕಟ್ಟು, ಅರ್ತಿಂಗ್ ಅಂದರೆ ಕರೆಂಟು ದೀಪದಿಂದ ಬ್ಯಾಟರಿಗೆ ಮರಳುವ ದಾರಿ. ದೀಪದ ಬೋಲ್ಟ್ ಬಿಚ್ಚಿ ನೋಡಿದರೆ ಅದರಡಿ ತುಕ್ಕಿನ ದಪ್ಪ ಪದರ. ತಂತಿಯ ತಾಮ್ರ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಅರ್ತಿಂಗ್ ಸಿಗದ ಕರೆಂಟು ಪಕ್ಕದ ಫಿಲಮೆಂಟಿನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಆ ವಿಚಿತ್ರ ಮಿನುಗಾಟಕ್ಕೆ ಅದೇ ಕಾರಣ.

ಎಲ್ಲ ಜೋಡಣೆಗಳನ್ನೂ ಈಗ ಐಪಿ 67 ದರ್ಜೆಯ (ಧೂಳು, ನೀರು ಒಳಹೋಗದ) ಜಂಕ್ಷನ್ ಬಾಕ್ಸ್‌ಗೆ ತಂದಿದ್ದೇವೆ. ಅದನ್ನು ಟ್ರೇಲರ್‌ನ ಮುಂಭಾಗದಲ್ಲಿ, ನೀರು ಮುಟ್ಟದ ಎತ್ತರದಲ್ಲಿ ಕೂರಿಸಿದೆವು. ತಂತಿ ಒಳಹೋಗುವ ಗ್ಲ್ಯಾಂಡ್‌ಗಳು ಕೆಳಮುಖವಾಗಿರಲೇಬೇಕು, ಇಲ್ಲದಿದ್ದರೆ ತಂತಿಗುಂಟ ಇಳಿದ ನೀರು ಅಲ್ಲಿಯೇ ನಿಲ್ಲುತ್ತದೆ. ಜೋಡಣೆಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಸಾಕೆಂಬ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಹಳೆಯ ಟೇಪ್ ಬಿಚ್ಚಿದಾಗ ಒಳಗೆ ನೀರೇ ತುಂಬಿತ್ತು.

ನನಗೆ ಅಚ್ಚರಿ ತಂದ ಸಂಗತಿ ಇನ್ನೊಂದಿದೆ. ಬಿಸಿಯಾದ ದೀಪ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸಣ್ಣ ಬಿರುಕಿನಿಂದಲೂ ನೀರನ್ನು ಒಳಗೆಳೆಯುತ್ತದೆ, ಬಲ್ಬ್ ಸಿಡಿಯಲೂಬಹುದು. ಆದ್ದರಿಂದ ದಡ ತಲುಪಿದ ಕೂಡಲೇ ಪ್ಲಗ್ ಕಿತ್ತು, ದೀಪಗಳು ತಣ್ಣಗಾದ ಮೇಲೆಯೇ ಟ್ರೇಲರ್ ಅನ್ನು ನೀರಿಗಿಳಿಸುತ್ತೇವೆ.