ದೊಡ್ಡ ಪ್ಯಾಕೆಟ್ ತಗೊಂಡರೆ ನಿಜವಾಗಲೂ ಉಳಿಯುತ್ತಾ?

ಪ್ರಶ್ನೆ: ನಮಸ್ಕಾರ. ನಾವಿಬ್ಬರು ಬೆಂಗಳೂರಿಗೆ ಬಂದು ಮನೆ ಮಾಡಿ ಮೂರು ತಿಂಗಳಾಯಿತು. ದಿನಸಿಗೇ ತಿಂಗಳಿಗೆ ಏಳು ಸಾವಿರ ದಾಟುತ್ತಿದೆ. ದೊಡ್ಡ ಪ್ಯಾಕೆಟ್ ಅಗ್ಗ ಅಂತ ಎಲ್ಲರೂ ಹೇಳಿದರು, ಹಾಗೇ ತರುತ್ತಿದ್ದೇವೆ. ಆದರೂ ಬಿಲ್ ಇಳಿಯುತ್ತಿಲ್ಲ. ಅಂಗಡಿಯಲ್ಲಿ ನಿಂತಾಗ ಯಾವುದು ಅಗ್ಗ ಅಂತ ನೀವೆಲ್ಲ ಹೇಗೆ ಲೆಕ್ಕ ಹಾಕುತ್ತೀರಿ? ಅನುಭವ ಇದ್ದವರು ದಯವಿಟ್ಟು ಹೇಳಿ.

*

ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ದಿನಸಿ ತರುವವಳು ನಾನೇ. ನಿಮ್ಮ ಹಾಗೆ ನಾನೂ ಮೊದಮೊದಲು ದೊಡ್ಡದನ್ನೇ ಎತ್ತಿಕೊಂಡು ಬರುತ್ತಿದ್ದೆ. ಈಗ ಏನೇ ತಗೊಂಡರೂ ನೂರು ಗ್ರಾಂಗೆ ಎಷ್ಟು ಬೀಳುತ್ತದೆ ಅಂತ ನೋಡುತ್ತೇನೆ. ಹೋದ ವಾರದ್ದೇ ಹೇಳುತ್ತೇನೆ. ಟೀ ಪುಡಿ ಕಾಲು ಕೆಜಿಗೆ 140 ರೂಪಾಯಿ, ಪಕ್ಕದಲ್ಲೇ ಅದೇ ಪುಡಿಯ ಅರ್ಧ ಕೆಜಿ ಪ್ಯಾಕೆಟ್‌ಗೆ 290. ಚಿಕ್ಕದು ಎರಡು ತಗೊಂಡರೆ 280ಕ್ಕೆ ಮುಗಿಯಿತು. ದೊಡ್ಡದು ಅಗ್ಗ ಅನ್ನೋದು ಎಲ್ಲ ಸಲವೂ ನಿಜ ಅಲ್ಲ.

ಈಗ ಲೆಕ್ಕ ಸ್ವಲ್ಪ ಸುಲಭ ಆಗಿದೆ. 2024ರ ಜನವರಿಯಿಂದ ಪ್ಯಾಕೆಟ್ ಮೇಲೆ ಒಂದು ಗ್ರಾಂಗೋ ಒಂದು ಕೆಜಿಗೋ ಎಷ್ಟು ಅಂತಲೂ ಹಾಕಬೇಕು. ಎಂಆರ್‌ಪಿ ಹತ್ತಿರ ಸಣ್ಣ ಅಕ್ಷರದಲ್ಲಿ ‘ಯುಎಸ್‌ಪಿ’ ಅಂತ ಹುಡುಕಿ. ಕೆಜಿಗಿಂತ ಕಮ್ಮಿ ಇದ್ದರೆ ಗ್ರಾಂ ಲೆಕ್ಕ, ಜಾಸ್ತಿ ಇದ್ದರೆ ಕೆಜಿ ಲೆಕ್ಕ. ಒಂದರ ಮೇಲೆ 0.18, ಇನ್ನೊಂದರ ಮೇಲೆ 170 ಅಂತ ಕಂಡರೆ ಗಲಿಬಿಲಿ ಬೇಡ. 0.18 ಅಂದರೆ ಗ್ರಾಂಗೆ 18 ಪೈಸೆ, ಕೆಜಿಗೆ 180 ರೂಪಾಯಿ.

ಆದರೆ ಒಂದು ಎಚ್ಚರಿಕೆ. ಆ ಸಂಖ್ಯೆ ಎಂಆರ್‌ಪಿಯಿಂದ ಬಂದದ್ದು. ಗೋಧಿ ಹಿಟ್ಟಿನ 5 ಕೆಜಿ ಚೀಲಕ್ಕೆ ಎಂಆರ್‌ಪಿ 310 ಇದ್ದರೆ ಮೇಲೆ ಕೆಜಿಗೆ 62 ಅಂತ ಇರುತ್ತದೆ. ಅಂಗಡಿಯವರು 275ಕ್ಕೆ ಕೊಟ್ಟರೆ ನಿಮಗೆ ಬಿದ್ದದ್ದು 55. ಆಫರ್ ಇರುವ ಕಡೆ ಮೊಬೈಲ್ ತೆಗೆದು, ನೀವು ಕೊಡುವ ದುಡ್ಡನ್ನೇ ತೂಕದಿಂದ ಭಾಗಿಸಿ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ಇನ್ನು ಎಣ್ಣೆ. ಇದರಲ್ಲಿ ನಾವು ಚೆನ್ನಾಗಿ ಪೆಟ್ಟು ತಿಂದಿದ್ದೇವೆ. ಒಂದು ದೀಪಾವಳಿಗೆ ನಮ್ಮ ಮನೆಗೂ ಅತ್ತಿಗೆ ಮನೆಗೂ ಸೇರಿಸಿ ಒಂದು ಟಿನ್ ತರೋಣ ಅಂತ ಹೊರಟೆವು. ಒಂದು ಅಂಗಡಿಯಲ್ಲಿ 2,050, ಇನ್ನೊಂದರಲ್ಲಿ 1,950. ಎರಡರ ಮೇಲೂ ದೊಡ್ಡದಾಗಿ 15 ಅಂತಲೇ ಇತ್ತು. ನೂರು ರೂಪಾಯಿ ಉಳಿಯಿತು ಅಂತ ಖುಷಿಯಾಗಿ ಕಮ್ಮಿಯದನ್ನೇ ತಂದೆವು. ಮನೆಗೆ ಬಂದು ನೋಡಿದರೆ ನಮ್ಮದು 15 ಲೀಟರ್ ಟಿನ್. ಬಿಟ್ಟು ಬಂದದ್ದು 15 ಕೆಜಿಯದು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಂದರೆ ನಮ್ಮ ಟಿನ್‌ನಲ್ಲಿ ಇದ್ದದ್ದು ಹದಿಮೂರು ಕೆಜಿ ಆರುನೂರೈವತ್ತು ಗ್ರಾಂ. ಲೆಕ್ಕ ಹಾಕಿದರೆ ಕೆಜಿಗೆ ಆರು ರೂಪಾಯಿ ಜಾಸ್ತಿಯೇ ಕೊಟ್ಟಿದ್ದೆವು! ಅಲ್ಲಿಂದ ಈಚೆಗೆ ಎಣ್ಣೆ ತಗೊಳ್ಳುವಾಗ ಲೀಟರೋ ಕೆಜಿಯೋ ಅಂತ ನೋಡದೆ ಮುಟ್ಟುವುದಿಲ್ಲ. ಪ್ಯಾಕೆಟ್ ಎಣ್ಣೆಯಲ್ಲೂ ಅಷ್ಟೇ. 850 ಎಂಎಲ್ ಪ್ಯಾಕೆಟ್ ನೋಡಲಿಕ್ಕೆ ಲೀಟರ್ ಪ್ಯಾಕೆಟ್ ಥರಾನೇ ಇರುತ್ತದೆ.

ಅಕ್ಕಿ ಮೂಟೆಯನ್ನೂ ತಿರುಗಿಸಿ ನೋಡಿ. 2022ರ ಜುಲೈಯಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು. ಆಮೇಲೆ ಎಷ್ಟೋ ಕಡೆ 26 ಕೆಜಿ ಮೂಟೆ ಶುರುವಾಯಿತು. ಮೂಟೆ ಬೆಲೆಗೆ ಮೂಟೆ ಬೆಲೆ ಹೋಲಿಸಿದರೆ ಒಂದು ಕೆಜಿ ಅಕ್ಕಿ ಲೆಕ್ಕಕ್ಕೇ ಬರುವುದಿಲ್ಲ.

ಶಾಂಪೂ ಮಾತ್ರ ಉಲ್ಟಾ. ನಮ್ಮ ಮನೆಯ 2 ರೂಪಾಯಿ ಸ್ಯಾಶೆಯಲ್ಲಿ 6 ಎಂಎಲ್, ಎಂಎಲ್‌ಗೆ 33 ಪೈಸೆ. ಅದೇ ಶಾಂಪೂ ಬಾಟಲಿಯಲ್ಲಿ ತಗೊಂಡರೆ 83 ಪೈಸೆ. ಪ್ಲಾಸ್ಟಿಕ್ ಕಸ ಜಾಸ್ತಿ ಆಗುತ್ತದೆ ಅಂತ ನನಗೆ ಬೇಜಾರಿದೆ, ಆದರೆ ನೀವು ಕೇಳಿದ್ದು ದುಡ್ಡಿನ ವಿಷಯ, ಅದಕ್ಕೆ ಹೇಳಿದೆ.

ಇನ್ನೊಂದು, ನೀವು ಇಬ್ಬರೇ ಇರುವುದು. 5 ಕೆಜಿ ರವೆ ತಂದು ಅರ್ಧಕ್ಕೆ ಹುಳ ಬಿದ್ದರೆ ಅಗ್ಗ ಎಲ್ಲಿ ಬಂತು? ಬೇಳೆ, ಸಕ್ಕರೆ, ಸೋಪು ಜಾಸ್ತಿ ತರಬಹುದು. ರವೆ, ಶೇಂಗಾ, ಸಾಂಬಾರ್ ಪುಡಿ ಒಂದು ತಿಂಗಳಿಗೆ ಆಗುವಷ್ಟೇ ಸಾಕು. ನಿಮ್ಮ ಬಿಲ್ ಇಳಿಯದೇ ಇರುವುದಕ್ಕೆ ಇದೇ ಕಾರಣ ಇರಬಹುದು ಅಂತ ನನಗನ್ನಿಸುತ್ತದೆ.

*

ಅಕ್ಕ ಹೇಳಿದ ಎಣ್ಣೆ ವಿಷಯ ನನಗೂ ಗೊತ್ತಿರಲಿಲ್ಲ. ನಾನು ಕಾಫಿ ಪುಡಿ ಬಗ್ಗೆ ಹೇಳುತ್ತೇನೆ. ಅಲ್ಲಿ ಕೆಜಿ ಬೆಲೆ ಒಂದೇ ನೋಡಿದರೆ ಸಾಲದು, ಚಿಕೋರಿ ಎಷ್ಟಿದೆ ಅಂತಲೂ ನೋಡಬೇಕು. ಚಿಕೋರಿ ಕಾಫಿಗಿಂತ ತುಂಬಾ ಅಗ್ಗ. ಪ್ಯಾಕೆಟ್ ಮೇಲೆ ಶೇಕಡಾ ಎಷ್ಟು ಅಂತ ಬರೆದಿರುತ್ತದೆ, 49ರವರೆಗೂ ಹಾಕಬಹುದು. ಬರೀ ಕಾಫಿ ಕೆಜಿಗೆ 900, ಅರವತ್ತಕ್ಕೆ ನಲವತ್ತು ಚಿಕೋರಿ ಬೆರೆಸಿದ್ದು 660 ಅಂತಿಟ್ಟುಕೊಳ್ಳಿ. ಆ 660ಕ್ಕೆ ನಿಮಗೆ ಸಿಕ್ಕ ಕಾಫಿ 600 ಗ್ರಾಂ ಮಾತ್ರ. ಚಿಕೋರಿ ರುಚಿ ಇಷ್ಟ ಇದ್ದರೆ ತಗೊಳ್ಳಿ, ಅಗ್ಗ ಅಂತ ತಗೊಳ್ಳಬೇಡಿ.

ಗಾಡಿಯವರ ಹತ್ತಿರ ‘ನೂರಕ್ಕೆ ಮೂರು ಕೆಜಿ’ ಈರುಳ್ಳಿ ಅಂದರೆ ‘ಒಂದೇ ಕೆಜಿ ಎಷ್ಟಣ್ಣ’ ಅಂತ ಮೊದಲು ಕೇಳಿ. ಒಂದೊಂದು ಸಲ 35 ಅನ್ನುತ್ತಾರೆ. ಐದು ರೂಪಾಯಿಗೋಸ್ಕರ ಮೂರು ಕೆಜಿ ಹೊತ್ತುಕೊಂಡು ಹೋಗಿ ಕೊಳೆಸುವುದು ಬೇಡ.

*

ತುಂಬಾ ಥ್ಯಾಂಕ್ಸ್ ಅಕ್ಕ, ನಿಮಗೂ ಥ್ಯಾಂಕ್ಸ್ ಅಣ್ಣ. ಇವತ್ತು ಸಂಜೆ ಶೆಲ್ಫ್‌ನಲ್ಲಿದ್ದ ಪ್ಯಾಕೆಟ್ ಎಲ್ಲ ಕೆಳಗಿಳಿಸಿ ನೋಡಿದೆವು. ಎಣ್ಣೆ ಪ್ಯಾಕೆಟ್ 850 ಎಂಎಲ್‌ನದೇ! ಮೂರು ತಿಂಗಳಿಂದ ಲೀಟರ್ ಅಂದುಕೊಂಡೇ ತರುತ್ತಿದ್ದೆ. ಎರಡು ಕೆಜಿಗೂ ಮೇಲೆ ರವೆ ಉಳಿದಿದೆ, ಹುಳ ಇನ್ನೂ ಬಿದ್ದಿಲ್ಲ. ಏನು ಮಾಡಲಿ ಅಕ್ಕ?

*

ನಾಳೆ ಬೆಳಿಗ್ಗೆಯೇ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದುಬಿಡಿ. ಪೂರ್ತಿ ಆರಿದ ಮೇಲೆ ಒಣಗಿದ ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಿ. ಅದು ಮುಗಿಯುವವರೆಗೆ ಹೊಸ ರವೆ ತರಬೇಡಿ.