ವಾರ್ಡ್ ನರ್ಸ್‌ಗಳಿಗೆ ಕೊನೆಗಾಲದ ಆರೈಕೆ ತರಬೇತಿ: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಮೆಡಿಕಲ್ ವಾರ್ಡ್, ವಾರಕ್ಕೆ ಒಂದೇ ಗಂಟೆ ಸಿಗುತ್ತೆ. ಮೊದಲು ಏನು ಕಲಿಸಬೇಕು?

ಉತ್ತರ 1: ಮಾರ್ಫಿನ್, ಅಂದ್ರೆ ತೀವ್ರ ನೋವಿಗೆ ಕೊಡೋ ಔಷಧಿ. ಭಯ ಇರೋದೇ ಅಲ್ಲಿ. ಸಾದಾ ಮಾತ್ರೆ (ನಿಧಾನಕ್ಕೆ ಬಿಡುಗಡೆಯಾಗೋ ಥರದ್ದಲ್ಲ) 4 ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡಬೇಕು. "ನೋವು ಅಂದಾಗ ನೋಡೋಣ" ಅಂದ್ರೆ ಕೆಟ್ಟಿತು. ನಡುವೆ ನೋವೆದ್ದರೆ ದಿನದ ಒಟ್ಟು ಡೋಸಿನ ಆರನೇ ಒಂದು ಭಾಗ ಹೆಚ್ಚುವರಿಯಾಗಿ. ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧಿ. ಎಲ್ಲರೂ ಮರೆಯೋದು ಇದನ್ನೇ. ಕಿಡ್ನಿ ಕೆಟ್ಟಿದ್ದರೆ ಡೋಸ್ ಇಳಿಸಿ ಅಂತರ ಹೆಚ್ಚಿಸಬೇಕು, ಡಾಕ್ಟರಿಗೆ ನೆನಪಿಸಲಿ.

ಉತ್ತರ 2: ಗೊರಗೊರ ಉಸಿರು ಕೇಳಿದ ಕೂಡಲೇ ಆಳಕ್ಕೆ ಸಕ್ಷನ್ (ಕೊಳವೆಯಿಂದ ಕಫ ಎಳೆಯೋದು) ಹಾಕೋ ಚಾಳಿ ಬಿಡಿಸಿ. ಪಕ್ಕಕ್ಕೆ ಮಲಗಿಸಿ, ಡ್ರಿಪ್ ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿಸಿ.

ಉತ್ತರ 3: "ಒಂದು ಚಮಚ ತುಳಸಿ ನೀರು ಬಿಡ್ತೀವಿ" ಅಂತ ಮನೆಯವರು ಬಂದೇ ಬರ್ತಾರೆ. ನುಂಗಲಾಗದವರಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬೇಡ ಅಂತ ಗದರಿಸೋದಲ್ಲ. ಅದೇ ನೀರಲ್ಲಿ ಗಾಜ್ ಬಟ್ಟೆ ಅದ್ದಿ, ಹಿಂಡಿ, ತುಟಿ ನಾಲಗೆ ಅವರ ಕೈಲೇ ಒರೆಸಿಸಿ.